ಗಾಳಿ ದಕ್ಷಿಣಕ್ಕೆ ಬೀಸಿದ ಸೋಮವಾರ: ಸ್ವೆರ್ಡ್‌ಲೋವ್ಸ್ಕ್ ಆಂಥ್ರಾಕ್ಸ್ ಪ್ರಕರಣ, 1979

1979ರ ಏಪ್ರಿಲ್ ಮೊದಲ ವಾರ. ಸೋವಿಯತ್ ಒಕ್ಕೂಟದ ಸ್ವೆರ್ಡ್‌ಲೋವ್ಸ್ಕ್ ನಗರದಲ್ಲಿ ಜನ ಜ್ವರ, ಎದೆ ಬಿಗಿತ, ಏದುಸಿರು ಎಂದು ಆಸ್ಪತ್ರೆಗೆ ಬರತೊಡಗಿದರು. ವೈದ್ಯರು ನ್ಯುಮೋನಿಯಾ ಇರಬೇಕೆಂದುಕೊಂಡರು. ಆದರೆ ನ್ಯುಮೋನಿಯಾ ಇಷ್ಟು ಬೇಗ ಕೊಲ್ಲುವುದಿಲ್ಲ. ಬಂದವರಲ್ಲಿ ಹೆಚ್ಚಿನವರು ಕಾಯಿಲೆ ಶುರುವಾದ ಮೂರು ನಾಲ್ಕು ದಿನಗಳಲ್ಲೇ ತೀರಿಕೊಳ್ಳುತ್ತಿದ್ದರು. ಕೆಲವರಿಗೆ ನಡುವೆ ಒಂದಿಷ್ಟು ಹೊತ್ತು ಜ್ವರ ತಗ್ಗಿ ಹಾಯೆನಿಸುತ್ತಿತ್ತು, ಆಮೇಲೆ ಒಮ್ಮೆಲೇ ಉಸಿರು ಕಟ್ಟಿ, ಮೈ ನೀಲಿಗಟ್ಟಿ ಕುಸಿಯುತ್ತಿದ್ದರು.

ಏಪ್ರಿಲ್ 10ರಂದು 40ನೇ ಸಂಖ್ಯೆಯ ಆಸ್ಪತ್ರೆಯಲ್ಲಿ ಅಂಥ ಒಂದು ದೇಹದ ಶವಪರೀಕ್ಷೆ ನಡೆಯಿತು. ಮಾಡಿದವರು ಫೈನಾ ಅಬ್ರಮೋವಾ, ನುರಿತ ರೋಗಶಾಸ್ತ್ರಜ್ಞೆ. ತಲೆಬುರುಡೆ ತೆರೆದಾಗ ಮಿದುಳಿನ ಮೇಲ್ಭಾಗವನ್ನೆಲ್ಲ ಕಡುಗೆಂಪು ರಕ್ತ ಆವರಿಸಿತ್ತು, ಯಾರೋ ಕೆಂಪು ಟೋಪಿ ತೊಡಿಸಿದ ಹಾಗೆ. ರೋಗಶಾಸ್ತ್ರದವರ ಮಾತಿನಲ್ಲಿ ಇದಕ್ಕೆ ‘ಕಾರ್ಡಿನಲ್ ಟೋಪಿ’ ಎಂಬ ಹೆಸರೇ ಇದೆ. ಮಿದುಳಿನ ಪೊರೆಯಲ್ಲಿ ಹೀಗೆ ರಕ್ತ ಕಟ್ಟಿಸುವ ರೋಗಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿ ಮೊದಲು ನೆನಪಾಗಬೇಕಾದದ್ದು ಆಂಥ್ರಾಕ್ಸ್. ಅಬ್ರಮೋವಾ ಅದನ್ನೇ ನೆನೆದರು. ಬ್ಯಾಕ್ಟೀರಿಯಾ ಬೆಳೆಸಿ ನೋಡಿದಾಗ ಅನುಮಾನ ನಿಜವಾಯಿತು: ಬ್ಯಾಸಿಲಸ್ ಆಂಥ್ರಾಸಿಸ್.

ದನಕರು ಸಾಕುವವರಿಗೆ ಈ ರೋಗ ಹೊಸದಲ್ಲ. ಕನ್ನಡದಲ್ಲಿ ನೆರಡಿ ಎನ್ನುತ್ತಾರೆ. ಮೇಯುತ್ತಿದ್ದ ದನ ಇದ್ದಕ್ಕಿದ್ದಂತೆ ಬಿದ್ದು ಸಾಯುತ್ತದೆ, ಹೊಟ್ಟೆ ಬೇಗ ಉಬ್ಬುತ್ತದೆ, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತದೆ, ದೇಹ ಸರಿಯಾಗಿ ಸೆಟೆದುಕೊಳ್ಳುವುದೂ ಇಲ್ಲ. ಹೀಗಿದ್ದರೆ ಆ ದೇಹವನ್ನು ಕೊಯ್ಯಬಾರದು ಎಂಬುದು ಪಶುವೈದ್ಯರ ಮೊದಲ ಪಾಠ. ಕಾರಣ ಈ ಬ್ಯಾಕ್ಟೀರಿಯಾದ ಎರಡು ಬಗೆಯ ಬದುಕಿನಲ್ಲಿದೆ. ಪ್ರಾಣಿಯ ರಕ್ತದಲ್ಲಿರುವಾಗ ಅದು ಕೋಲಿನಾಕಾರದ ಜೀವಕೋಶ, ಒಂದಕ್ಕೊಂದು ಅಂಟಿ ಬಿದಿರಿನ ಗಣ್ಣುಗಳಂತೆ ಸರಪಳಿ ಕಟ್ಟುತ್ತದೆ. ಈ ರೂಪ ಅಷ್ಟೇನೂ ಗಟ್ಟಿಯಲ್ಲ. ಮುಚ್ಚಿದ ಹೆಣದೊಳಗೆ ಬಿಟ್ಟರೆ ಕೊಳೆಸುವ ಬೇರೆ ಬ್ಯಾಕ್ಟೀರಿಯಾಗಳ ನಡುವೆ ಅಳಿದುಹೋಗುತ್ತದೆ. ದೇಹ ಕೊಯ್ದು ಗಾಳಿ ತಾಗಿಸಿದರೆ ಮಾತ್ರ ಅದು ತನ್ನ ಇನ್ನೊಂದು ರೂಪಕ್ಕೆ ಬದಲಾಗುತ್ತದೆ. ಅದೇ ಸ್ಪೋರ್, ಅಂದರೆ ಬೀಜಕ. ಒಂದು ಮೈಕ್ರಾನಿನ ಆಸುಪಾಸಿನ ಈ ಕಣಕ್ಕೆ ಬಿಸಿಲು, ಬರ, ಚಳಿ ಯಾವುದೂ ಬೇಗ ನಾಟುವುದಿಲ್ಲ. ಮಣ್ಣಿನಲ್ಲಿ ದಶಕಗಟ್ಟಲೆ ಕಾದು ಕೂರುತ್ತದೆ. ಜರ್ಮನ್ ವೈದ್ಯ ರಾಬರ್ಟ್ ಕಾಖ್ 1876ರಲ್ಲಿ ಎತ್ತಿನ ಕಣ್ಣಿನ ದ್ರವದ ಒಂದು ಹನಿಯಲ್ಲಿ ಈ ಕೋಲುಗಳು ಉದ್ದವಾಗುವುದನ್ನೂ, ಅವುಗಳೊಳಗೆ ಮಣಿಗಳಂತೆ ಬೀಜಕಗಳು ಮೂಡುವುದನ್ನೂ, ಆ ಬೀಜಕಗಳಿಂದ ಮತ್ತೆ ಕೋಲುಗಳು ಹುಟ್ಟುವುದನ್ನೂ ಸೂಕ್ಷ್ಮದರ್ಶಕದ ಕೆಳಗೆ ಕಂಡು ಬರೆದರು. ಒಂದು ರೋಗಕ್ಕೆ ಇಂಥದೇ ಒಂದು ಸೂಕ್ಷ್ಮಜೀವಿ ಕಾರಣ ಎಂದು ಖಚಿತವಾಗಿ ತೋರಿಸಿದ ಮೊದಲ ಬ್ಯಾಕ್ಟೀರಿಯಾ ಇದೇ.

ಸ್ವೆರ್ಡ್‌ಲೋವ್ಸ್ಕ್ ಪ್ರಕರಣವನ್ನು ನಾನು ಆರಿಸಿಕೊಂಡಿರುವುದಕ್ಕೆ ಒಂದೇ ಕಾರಣ. ಅಲ್ಲಿ ರೋಗ ಯಾವುದು ಎಂಬುದು ಹತ್ತೇ ದಿನಗಳಲ್ಲಿ ಗೊತ್ತಾಯಿತು. ಅದು ಮನುಷ್ಯರ ಮೈಯೊಳಗೆ ಹೊಕ್ಕದ್ದು ಯಾವ ದಾರಿಯಿಂದ ಎಂಬುದು ಗಟ್ಟಿಯಾಗಲು ಹದಿನೈದು ವರ್ಷ ಬೇಕಾಯಿತು. ಆ ಹದಿನೈದು ವರ್ಷಗಳ ವಾದದ ಪ್ರತಿ ತಿರುವಿನಲ್ಲೂ ನಿಂತಿರುವುದು ಈ ಬ್ಯಾಕ್ಟೀರಿಯಾದ ಸ್ವಭಾವವೇ.

ಮಾಂಸದ ಕಥೆ

ಈಗ ಯೆಕಟೆರಿನ್‌ಬರ್ಗ್ ಎನಿಸಿಕೊಳ್ಳುವ ಸ್ವೆರ್ಡ್‌ಲೋವ್ಸ್ಕ್ ಮಾಸ್ಕೋದಿಂದ ಪೂರ್ವಕ್ಕೆ ಸುಮಾರು 1,400 ಕಿಲೋಮೀಟರ್ ದೂರದಲ್ಲಿ, ಉರಾಲ್ ಬೆಟ್ಟಸಾಲಿನ ಮಗ್ಗುಲಲ್ಲಿದೆ. ಆಗ ಅಲ್ಲಿನ ಜನಸಂಖ್ಯೆ ಸುಮಾರು 12 ಲಕ್ಷ. ಕಾಯಿಲೆ ಬಿದ್ದವರೆಲ್ಲ ಹೆಚ್ಚುಕಡಿಮೆ ನಗರದ ದಕ್ಷಿಣದ ಚ್ಕಾಲೋವ್‌ಸ್ಕಿ ಜಿಲ್ಲೆಯವರು.

ಅಧಿಕಾರಿಗಳು ಜನರಿಗೆ ಹೇಳಿದ್ದು ಹೀಗೆ: ರೋಗದ ದನಗಳ ಮಾಂಸ ಪರೀಕ್ಷೆಯಿಲ್ಲದೆ ಖಾಸಗಿಯಾಗಿ ಮಾರಾಟವಾಗಿದೆ, ತಿಂದವರು ಸಾಯುತ್ತಿದ್ದಾರೆ. ಎಚ್ಚರಿಕೆಯ ಭಿತ್ತಿಪತ್ರಗಳು ಗೋಡೆಗೇರಿದವು. ಪರೀಕ್ಷೆಯಾಗದ ಮಾಂಸವನ್ನು ಮುಟ್ಟುಗೋಲು ಹಾಕಿದರು, ಬೀದಿ ನಾಯಿಗಳನ್ನು ಗುಂಡಿಟ್ಟು ಕೊಂದರು. ಏಪ್ರಿಲ್ ನಡುವಿನಿಂದ ಜಿಲ್ಲೆಯಲ್ಲಿ ಲಸಿಕೆ ಅಭಿಯಾನ ಶುರುವಾಯಿತು. 18ರಿಂದ 55 ವರ್ಷದವರಲ್ಲಿ ಲಸಿಕೆಗೆ ಅರ್ಹರಾಗಿದ್ದವರು ಸುಮಾರು 59,000 ಮಂದಿ, ಅವರಲ್ಲಿ ಬಹುಪಾಲು ಜನ ಒಂದು ಬಾರಿಯಾದರೂ ಚುಚ್ಚಿಸಿಕೊಂಡರು. ಸತ್ತವರನ್ನು ಬ್ಲೀಚಿಂಗ್ ಸುಣ್ಣ ತುಂಬಿದ ಪೆಟ್ಟಿಗೆಗಳಲ್ಲಿ ಇಟ್ಟು, ನಗರದ ಸ್ಮಶಾನದ ಒಂದು ಪ್ರತ್ಯೇಕ ಭಾಗದಲ್ಲಿ ಹೂಳಿದರು.

ಇವುಗಳ ಜೊತೆಗೆ ಇನ್ನೊಂದು ಕೆಲಸವೂ ನಡೆಯಿತು. ಅಗ್ನಿಶಾಮಕ ದಳದವರು ಮನೆಗಳ ಗೋಡೆ, ಛಾವಣಿ, ಮರಗಳನ್ನು ನೀರು ಹಾಯಿಸಿ ತೊಳೆದರು. ಮಣ್ಣಿನ ರಸ್ತೆಗಳಿಗೆ ಡಾಂಬರು ಬಿತ್ತು. ಮಾಂಸದಿಂದ ಬಂದ ರೋಗಕ್ಕೆ ಮರ ತೊಳೆಯುವುದೇಕೆ? ಈ ಪ್ರಶ್ನೆ ಅಲ್ಲಿನ ಎಷ್ಟು ಜನರ ಎದೆಯಲ್ಲಿ ಎದ್ದು ಅಲ್ಲೇ ಅಡಗಿರಬೇಕು ಎಂದು ನೆನೆದರೆ ಸಂಕಟವಾಗುತ್ತದೆ.

ಹಾಗೆಂದು ಮಾಂಸದ ಕಥೆಯನ್ನು ಬುಡವಿಲ್ಲದ್ದೆಂದು ತಳ್ಳಿಹಾಕುವಂತಿರಲಿಲ್ಲ. ಆಂಥ್ರಾಕ್ಸ್ ಮೂಲತಃ ಮೇಯುವ ಪ್ರಾಣಿಗಳ ರೋಗ. ಮಣ್ಣಿನಲ್ಲಿರುವ ಬೀಜಕ ಹುಲ್ಲಿನ ಜೊತೆ ದನದ ಹೊಟ್ಟೆ ಸೇರುತ್ತದೆ, ದನದಿಂದ ಮನುಷ್ಯನಿಗೆ ಬರುತ್ತದೆ. ಚರ್ಮ ಸುಲಿಯುವವರ ಕೈಯ ಗೀರಿನಿಂದ ಒಳಹೊಕ್ಕರೆ ನೋವಿಲ್ಲದ, ನಡುವೆ ಇದ್ದಿಲಿನಂತೆ ಕಪ್ಪಾದ ಹುಣ್ಣಾಗುತ್ತದೆ. ಮನುಷ್ಯರಲ್ಲಿ ಕಾಣುವ ಆಂಥ್ರಾಕ್ಸ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇದೇ ಬಗೆ, ಚಿಕಿತ್ಸೆ ಸಿಕ್ಕರೆ ಸಾವು ಅಪರೂಪ. ಸತ್ತ ದನದ ಮಾಂಸ ತಿಂದರೆ ಗಂಟಲಿಗೋ ಕರುಳಿಗೋ ಬರುತ್ತದೆ. ಉರಾಲ್ ಸೀಮೆಯಲ್ಲಿ ದನಗಳ ಆಂಥ್ರಾಕ್ಸ್ ಹಿಂದಿನಿಂದಲೂ ಇತ್ತು, ಆ ವಸಂತದಲ್ಲಿ ನಗರದ ದಕ್ಷಿಣದ ಹಳ್ಳಿಗಳಲ್ಲಿ ಕುರಿ, ಹಸುಗಳು ಸತ್ತದ್ದೂ ನಿಜ. ಆ ಸುಳ್ಳು ಅಷ್ಟು ಕಾಲ ನಿಂತದ್ದು ಬ್ಯಾಕ್ಟೀರಿಯಾದ ನಿಜವಾದ ಗುಣದ ಮೇಲೆಯೇ.

ಅನುಮಾನಕ್ಕೆ ಕಾರಣ ನಗರದ ಭೂಪಟದಲ್ಲಿತ್ತು. ಕಾಯಿಲೆ ಹಬ್ಬಿದ ಪ್ರದೇಶದ ಉತ್ತರ ತುದಿಯಲ್ಲಿ ಸೇನೆಯ ಸೂಕ್ಷ್ಮಜೀವಿ ಸಂಸ್ಥೆಯಿತ್ತು, ‘ಕಾಂಪೌಂಡ್ 19’ ಎಂದು ಅದರ ಹೆಸರು. ಅದರ ಪಕ್ಕಕ್ಕೇ ದಕ್ಷಿಣದಲ್ಲಿ ಕಾಂಪೌಂಡ್ 32 ಎಂಬ ಸೇನಾ ನೆಲೆ, ಅದರಾಚೆ ಕಾರ್ಮಿಕರ ಮನೆಗಳು, ಒಂದು ಸೆರಾಮಿಕ್ ಕಾರ್ಖಾನೆ. ಸುದ್ದಿ ಮೊದಲು ಹೊರಗೆ ಬಂದದ್ದು ರಷ್ಯನ್ ವಲಸಿಗರ ಪತ್ರಿಕೆಯೊಂದರ ಮೂಲಕ. 1980ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ಇದನ್ನು ಬಹಿರಂಗವಾಗಿ ಎತ್ತಿತು. ವಿಷಯ ಸಣ್ಣದಾಗಿರಲಿಲ್ಲ. ಜೈವಿಕ ಅಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1972ರಲ್ಲೇ ಸಹಿ ಬಿದ್ದು, 1975ರಲ್ಲಿ ಜಾರಿಗೆ ಬಂದಿತ್ತು, ಸೋವಿಯತ್ ಒಕ್ಕೂಟ ಅದರ ಸದಸ್ಯ ದೇಶ. ಗಾಳಿಯಲ್ಲಿ ಹಾರುವಂತೆ ತಯಾರಿಸಿದ ಆಂಥ್ರಾಕ್ಸ್ ಬೀಜಕ ನಗರದ ನಡುವೆ ಇತ್ತು ಎಂದಾದರೆ ಒಪ್ಪಂದ ಮುರಿದಂತೆಯೇ.

1988ರ ಏಪ್ರಿಲ್‌ನಲ್ಲಿ ಸೋವಿಯತ್ ತಂಡವೊಂದು ಅಮೆರಿಕಕ್ಕೆ ಹೋಗಿ ವಿವರಣೆ ಕೊಟ್ಟಿತು. ತಂಡದಲ್ಲಿ ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಪ್ಯೋತ್ರ್ ಬುರ್ಗಾಸೊವ್, 1979ರಲ್ಲಿ ಮಾಸ್ಕೋದಿಂದ ಬಂದು ಚಿಕಿತ್ಸೆಯ ಉಸ್ತುವಾರಿ ಹೊತ್ತಿದ್ದ ವೈದ್ಯ ವ್ಲಾದಿಮಿರ್ ನಿಕಿಫೊರೊವ್ ಇದ್ದರು. ಅವರ ಲೆಕ್ಕದಲ್ಲಿ ಒಟ್ಟು 96 ರೋಗಿಗಳು: 79 ಮಂದಿಗೆ ಹೊಟ್ಟೆಯ ಆಂಥ್ರಾಕ್ಸ್, 17 ಮಂದಿಗೆ ಚರ್ಮದ್ದು, ಸತ್ತವರು 64. ಸೋಂಕಿದ್ದ ಮೂಳೆಪುಡಿ ದನಗಳ ಮೇವಿಗೆ ಬೆರೆತು ಅನಾಹುತವಾಯಿತು ಎಂದರು. ಶವಪರೀಕ್ಷೆಯ ಚಿತ್ರಗಳನ್ನೂ ತೋರಿಸಿದರು, ಕರುಳಿನ ಒಳಗೋಡೆಯಲ್ಲಿ ರಕ್ತ ಕಟ್ಟಿದ ಗಾಯಗಳು ಅವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಹಾರ್ವರ್ಡ್‌ನ ಜೀವವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್‌ಗೆ ಆಗ ಈ ವಿವರಣೆ ನಂಬಬಹುದಾದದ್ದು ಎನಿಸಿತ್ತು. ಮುಂದೆ ಅದನ್ನು ಬುಡಮೇಲು ಮಾಡಿದ ಅಧ್ಯಯನದ ಮುಂದಾಳೂ ಅವರೇ. ತಾನು ಒಪ್ಪಿದ್ದನ್ನು ತಾನೇ ಹೋಗಿ ಪರೀಕ್ಷೆಗೊಡ್ಡಿದ ಈ ನಡೆಯ ಬಗ್ಗೆ ನನಗೆ ಬಹಳ ಗೌರವವಿದೆ.

ಜಾಡಿಗಳಲ್ಲಿ ಉಳಿದದ್ದು

1979ರಲ್ಲೇ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ಆಸ್ಪತ್ರೆಯ ದಾಖಲೆಗಳನ್ನೆಲ್ಲ ಒಯ್ದಿತ್ತು. ರೋಗಿಗಳ ಚೀಟಿ, ಪ್ರಯೋಗಾಲಯದ ವರದಿ, ಶವಪರೀಕ್ಷೆಯ ಅಧಿಕೃತ ಕಾಗದ ಯಾವುದೂ ಉಳಿಯಲಿಲ್ಲ. ಅಬ್ರಮೋವಾ ಮತ್ತು ಅವರ ಕಿರಿಯ ಸಹೋದ್ಯೋಗಿ ಲೆವ್ ಗ್ರಿನ್‌ಬರ್ಗ್ ಇಬ್ಬರೂ ತಮ್ಮ ಕೈಯಲ್ಲಿದ್ದದ್ದನ್ನು ಬಿಟ್ಟುಕೊಡಲಿಲ್ಲ: ಫಾರ್ಮಲಿನ್‌ನಲ್ಲಿಟ್ಟ ಅಂಗಾಂಶದ ತುಂಡುಗಳು, ಮೇಣದ ಅಚ್ಚುಗಳು, ಗಾಜಿನ ಸ್ಲೈಡುಗಳು, ತಾವೇ ಬರೆದಿಟ್ಟುಕೊಂಡ ಟಿಪ್ಪಣಿಗಳು, ಗ್ರಿನ್‌ಬರ್ಗ್ ತೆಗೆದ ಬಣ್ಣದ ಫೋಟೋಗಳು. ಸಿಕ್ಕಿಬಿದ್ದರೆ ಏನಾಗುತ್ತಿತ್ತು ಎಂಬುದು ಆ ಕಾಲದ ಸೋವಿಯತ್ ನಾಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾದ ಮಾತಾಗಿರಲಿಲ್ಲ. ಒಕ್ಕೂಟ ಒಡೆಯುವವರೆಗೆ, ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು, ಅವು ಹಾಗೇ ಉಳಿದವು. 1993ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಡೇವಿಡ್ ವಾಕರ್ ಜೊತೆಗೂಡಿ ಅವರಿಬ್ಬರು 42 ಶವಪರೀಕ್ಷೆಗಳ ವಿವರ ಪ್ರಕಟಿಸಿದರು.

ಈ ಪ್ರಕರಣದ ಜೀವಾಳ ಇಲ್ಲಿದೆ, ಆದ್ದರಿಂದ ಇಲ್ಲಿ ತುಸು ನಿಲ್ಲುತ್ತೇನೆ.

ಬೀಜಕ ಎಲ್ಲಿಂದ ಒಳಹೊಕ್ಕಿತು ಎಂಬುದಕ್ಕೆ ದೇಹದಲ್ಲಿ ಗುರುತು ಉಳಿಯುತ್ತದೆ. ಉಸಿರಿನ ಜೊತೆ ಹೋದ ಸಣ್ಣ ಕಣ ಮೂಗು, ಗಂಟಲನ್ನು ದಾಟಿ ಶ್ವಾಸಕೋಶದ ತುದಿಯ ಗಾಳಿಗೂಡಿಗೆ ತಲುಪುತ್ತದೆ. ಅಲ್ಲಿ ಕಾವಲಿರುವ ಭಕ್ಷಕ ಕೋಶ ಅದನ್ನು ನುಂಗುತ್ತದೆ. ಸಾಮಾನ್ಯ ಕಸವಾದರೆ ಅಲ್ಲಿಗೆ ಮುಗಿಯಿತು. ಆಂಥ್ರಾಕ್ಸ್ ಬೀಜಕ ಮಾತ್ರ ಆ ಕೋಶದೊಳಗೇ ಕುಳಿತು, ಎರಡು ಶ್ವಾಸಕೋಶಗಳ ನಡುವಿನ ದುಗ್ಧಗ್ರಂಥಿಗಳಿಗೆ (ಸೋಂಕಿನ ವಿರುದ್ಧ ಹೋರಾಡುವ ಲಿಂಫ್ ಗ್ರಂಥಿಗಳು) ಪ್ರಯಾಣ ಮಾಡುತ್ತದೆ. ಕಾವಲುಗಾರನೇ ಹೊತ್ತೊಯ್ದು ಕೋಟೆಯೊಳಗೆ ಇಳಿಸಿದ ಹಾಗೆ. ದಾರಿಯಲ್ಲೋ ಗ್ರಂಥಿಯಲ್ಲೋ ಅದು ಮೊಳೆತು ಕೋಲಿನ ರೂಪ ತಾಳುತ್ತದೆ. ಆಗ ಅದರ ಎರಡು ಆಯುಧಗಳು ಹೊರಬರುತ್ತವೆ. ಒಂದು, ಮೈಸುತ್ತ ಹೊದ್ದುಕೊಳ್ಳುವ ಹೊದಿಕೆ. ಅದಿದ್ದರೆ ಭಕ್ಷಕ ಕೋಶಗಳು ಮತ್ತೆ ಅದನ್ನು ನುಂಗಲಾರವು. ಇನ್ನೊಂದು, ಮೂರು ಪ್ರೋಟೀನುಗಳು ಸೇರಿ ಆಗುವ ವಿಷ. ಮೊದಲನೆಯ ಪ್ರೋಟೀನು ನಮ್ಮ ಜೀವಕೋಶದ ಮೇಲೆ ಕೂತು ಬಾಗಿಲು ತೆರೆಯುತ್ತದೆ. ಎರಡನೆಯದು ಒಳನುಗ್ಗಿ ಕೋಶದ ಸಂದೇಶ ವ್ಯವಸ್ಥೆಯನ್ನು ಕತ್ತರಿಸುತ್ತದೆ, ಮೂರನೆಯದು ನೀರು ಸೋರಿಸಿ ಬಾವು ಬರಿಸುತ್ತದೆ. ಹೊದಿಕೆಗೂ ವಿಷಕ್ಕೂ ಬೇಕಾದ ಜೀನುಗಳು ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿನಲ್ಲಿಲ್ಲ, ಪ್ಲಾಸ್ಮಿಡ್ ಎಂಬ ಎರಡು ಪುಟ್ಟ ಡಿಎನ್‌ಎ ಬಳೆಗಳಲ್ಲಿವೆ. ಒಂದು ಬಳೆ ಕಳೆದುಹೋದರೂ ಅದರ ಹಲ್ಲು ಕಿತ್ತಂತೆ. ದನಗಳಿಗೆ ಹಾಕುವ ಸ್ಟರ್ನ್ ಲಸಿಕೆಯ ತಳಿ ಹಾಗೆ ಹೊದಿಕೆಯ ಬಳೆ ಕಳೆದುಕೊಂಡದ್ದೇ.

ಹೀಗೆ ಉಸಿರಿನಿಂದ ಬಂದ ಆಂಥ್ರಾಕ್ಸ್‌ನಲ್ಲಿ ಮೊದಲ ಕದನ ನಡೆಯುವುದು ಎದೆಯ ನಡುಭಾಗದ ಗ್ರಂಥಿಗಳಲ್ಲಿ. ಅವು ರಕ್ತ ತುಂಬಿ ಊದಿ ಕರಗುತ್ತವೆ. ಸುತ್ತಲಿನ ಮೆದು ಅಂಗಾಂಶವೆಲ್ಲ ರಕ್ತಮಯವಾಗುತ್ತದೆ. ಎಕ್ಸ್-ರೇಯಲ್ಲಿ ಎದೆಯ ನಡುವಿನ ನೆರಳು ಅಗಲವಾಗಿ ಕಾಣುವುದು ಇದೇ ಕಾರಣಕ್ಕೆ. ಬಾಯಿಯಿಂದ ಹೋಗಿದ್ದರೆ ಇದೇ ಕದನ ಕರುಳಿನ ಹತ್ತಿರದ ಗ್ರಂಥಿಗಳಲ್ಲಿ ನಡೆಯಬೇಕು.

ಅಬ್ರಮೋವಾ ಮತ್ತು ಗ್ರಿನ್‌ಬರ್ಗ್ ಕಂಡದ್ದೇನು? 42 ದೇಹಗಳಲ್ಲಿ ಒಂದೂ ಬಿಡದೆ 42ರಲ್ಲೂ ಎದೆಯ ಗ್ರಂಥಿಗಳು ರಕ್ತ ಕಟ್ಟಿ ಹಾಳಾಗಿದ್ದವು. 21ರಲ್ಲಿ ಮಿದುಳಿನ ಪೊರೆಯ ರಕ್ತಸ್ರಾವ. ಕರುಳಿನಲ್ಲಿ ಗಾಯಗಳು 39ರಲ್ಲಿದ್ದವು. ಈ ಕೊನೆಯ ಸಂಖ್ಯೆ ಹಿಡಿದೇ ಮಾಂಸದ ವಾದ ನಿಂತಿತ್ತು, ಬರೀ ಸಂಖ್ಯೆ ನೋಡಿದರೆ ಯಾರೂ ಮೋಸಹೋಗಬಹುದು. ಆದರೆ ಗಾಯಗಳ ಬಗೆ ನೋಡಬೇಕು. ಅವು ಕರುಳಿನ ಮೇಲ್ಪದರದಿಂದ ಒಳಕ್ಕೆ ಕೊರೆದ ಹುಣ್ಣುಗಳಾಗಿರಲಿಲ್ಲ. ಮೇಲ್ಪದರದ ಅಡಿಯಲ್ಲಿ, ರಕ್ತನಾಳಗಳಿಂದ ಸೋರಿ ಹರಡಿದ ಗಾಯಗಳಾಗಿದ್ದವು, ಅಂದರೆ ಬ್ಯಾಕ್ಟೀರಿಯಾ ರಕ್ತದ ಮೂಲಕ ಕರುಳಿಗೆ ಬಂದಿತ್ತು. ಕರುಳಿನ ಗ್ರಂಥಿಗಳು ಹಾಳಾಗಿದ್ದದ್ದು ಕೆಲವೇ ದೇಹಗಳಲ್ಲಿ. ಕರುಳು ಇಲ್ಲಿ ಹೆಬ್ಬಾಗಿಲಲ್ಲ, ರೋಗ ಕೊನೆಗೆ ತಲುಪಿದ ಕೋಣೆಗಳಲ್ಲಿ ಒಂದು. ಕೆಲವು ಶ್ವಾಸಕೋಶಗಳಲ್ಲಿ ಬೀಜಕ ಮೊದಲು ಹೊಕ್ಕ ಜಾಗವೆಂದು ತೋರುವ ಪುಟ್ಟ ಗಾಯಗಳೂ ಸಿಕ್ಕವು.

1988ರಲ್ಲಿ ತೋರಿಸಿದ ಕರುಳಿನ ಚಿತ್ರಗಳು ಸುಳ್ಳಾಗಿರಲಿಲ್ಲ. ಎದೆಯ ಚಿತ್ರಗಳನ್ನು ತೋರಿಸಿರಲಿಲ್ಲ, ಅಷ್ಟೆ. ಆ ಎದೆಯ ಅಂಗಾಂಶ ಜಾಡಿಯಲ್ಲಿ ಉಳಿಯದೇ ಹೋಗಿದ್ದರೆ ವಾದ ಇಂದಿಗೂ ಎಳೆದಾಡುತ್ತಿತ್ತು ಎಂದೇ ನನ್ನ ನಂಬಿಕೆ.

ಗೋರಿಕಲ್ಲು, ವಿಳಾಸ, ವಿಮಾನ ನಿಲ್ದಾಣದ ಗಾಳಿ

1992ರ ಮೇ ತಿಂಗಳಲ್ಲಿ ರಷ್ಯಾದ ಅಧ್ಯಕ್ಷ ಬೋರಿಸ್ ಯೆಲ್ಟ್‌ಸಿನ್ 1979ರ ಸಾವುಗಳಿಗೆ ಸೇನೆಯ ಕೆಲಸವೇ ಕಾರಣವೆಂದು ಒಪ್ಪಿಕೊಂಡರು. 1979ರಲ್ಲಿ ಅವರೇ ಆ ಪ್ರಾಂತ್ಯದ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥರಾಗಿದ್ದವರು. ಆದರೆ ಅಧ್ಯಕ್ಷರ ಒಂದು ಮಾತು ಸಾಕ್ಷ್ಯವಾಗುವುದಿಲ್ಲ. ಜೂನ್‌ನಲ್ಲಿ ಮೆಸೆಲ್ಸನ್ ತಂಡ ಯೆಕಟೆರಿನ್‌ಬರ್ಗ್‌ಗೆ ಬಂದಿಳಿಯಿತು. ಪಶುವೈದ್ಯ ಮಾರ್ಟಿನ್ ಹ್ಯೂ-ಜೋನ್ಸ್, ಮಾನವಶಾಸ್ತ್ರಜ್ಞೆ ಜೀನ್ ಗಿಲ್ಮನ್ ತಂಡದಲ್ಲಿದ್ದರು. 1979ರಲ್ಲಿ ರೋಗಿಗಳನ್ನು ನೋಡಿದ್ದ ರಷ್ಯನ್ ವೈದ್ಯೆ ಓಲ್ಗಾ ಯಾಂಪೊಲ್‌ಸ್ಕಾಯಾ ಕೂಡ ಜೊತೆಯಾದರು.

ಆಸ್ಪತ್ರೆಯ ದಾಖಲೆ ಇಲ್ಲದೆ ರೋಗಿಗಳನ್ನು ಹುಡುಕುವುದು ಹೇಗೆ? ಅವರು ಸ್ಮಶಾನಕ್ಕೆ ಹೋದರು. ಆ ಪ್ರತ್ಯೇಕ ಭಾಗದಲ್ಲಿ ಸಾಲಾಗಿ ನಿಂತ ಗೋರಿಕಲ್ಲುಗಳ ಮೇಲೆ ಹೆಸರು, ಹುಟ್ಟಿದ ವರ್ಷ, ಸತ್ತ ದಿನ ಕೆತ್ತಿತ್ತು: ಏಪ್ರಿಲ್, ಏಪ್ರಿಲ್, ಏಪ್ರಿಲ್, ಮೇ. ಮನೆಯವರಿಗೆ ಪರಿಹಾರ ಕೊಡಲೆಂದು ತಯಾರಾಗಿದ್ದ ಅಧಿಕೃತ ಪಟ್ಟಿಯೊಂದರಲ್ಲಿ ಸತ್ತವರ ಹೆಸರು, ವಿಳಾಸ ಇದ್ದವು. ಗಿಲ್ಮನ್ ಮತ್ತು ಸಂಗಡಿಗರು ಮನೆಮನೆಯ ಬಾಗಿಲು ತಟ್ಟಿದರು. ಹೆಂಡತಿ, ಮಗಳು, ಅಣ್ಣ ಯಾರು ಸಿಕ್ಕರೆ ಅವರ ಮುಂದೆ ಕೂತು ಕೇಳಿದರು: ಅವರು ಎಲ್ಲಿ ಕೆಲಸ ಮಾಡುತ್ತಿದ್ದರು? ಯಾವ ಪಾಳಿ? ಏಪ್ರಿಲ್ ಮೊದಲ ವಾರ ಹಗಲು ಎಲ್ಲಿದ್ದರು? ಮಾಂಸ ಎಲ್ಲಿ ಕೊಳ್ಳುತ್ತಿದ್ದಿರಿ?

ಉತ್ತರಗಳನ್ನು ನಕ್ಷೆಯ ಮೇಲೆ ಚುಕ್ಕೆಗಳಾಗಿ ಇಟ್ಟರು. ಮನೆಯ ವಿಳಾಸದ ಪ್ರಕಾರ ಇಟ್ಟಾಗ ಹಲವು ಚುಕ್ಕೆ ಅಲ್ಲಲ್ಲಿ ಚೆದುರಿದವು. ಹಗಲು ಇದ್ದ ಜಾಗದ ಪ್ರಕಾರ ಇಟ್ಟಾಗ ಚುಕ್ಕೆಗಳಲ್ಲಿ ಬಹುಪಾಲು ಒಂದು ಸಪೂರ ಪಟ್ಟಿಯೊಳಗೆ ಕೂತವು. ಅದರ ಒಂದು ತುದಿ ಕಾಂಪೌಂಡ್ 19, ಇನ್ನೊಂದು ತುದಿ ದಕ್ಷಿಣಕ್ಕೆ 4 ಕಿಲೋಮೀಟರ್ ದೂರದ ನಗರದ ಅಂಚು. ಸೆರಾಮಿಕ್ ಕಾರ್ಖಾನೆ ಆ ಪಟ್ಟಿಯ ನಟ್ಟನಡುವೆ. ಆ ಪಟ್ಟಿಯಾಚೆ ವಾಸವಿದ್ದೂ ಸತ್ತ ಕೆಲವರು ಮೀಸಲು ಸೈನಿಕರು. ಅವರನ್ನು ಹಗಲಿನ ತರಬೇತಿಗೆಂದು ಕಾಂಪೌಂಡ್ 32ಕ್ಕೆ ಕರೆಸಲಾಗಿತ್ತು, ತರಬೇತಿ ಶುರುವಾದದ್ದು ಏಪ್ರಿಲ್ 2ರ ಸೋಮವಾರ. ಮೊದಲ ರೋಗಿಗಳು ಕಾಯಿಲೆ ಬಿದ್ದದ್ದು ಏಪ್ರಿಲ್ 4ರ ಸುಮಾರಿಗೆ. ಹಾಗಾಗಿ ಹುಡುಕಬೇಕಾದ ಗಳಿಗೆ ತೀರಾ ಕಿರಿದಾಯಿತು.

ಉಳಿದದ್ದು ಗಾಳಿ. ನಗರದ ಕೋಲ್ಟ್‌ಸೊವೊ ವಿಮಾನ ನಿಲ್ದಾಣದಲ್ಲಿ ಗಾಳಿಯ ದಿಕ್ಕು, ವೇಗವನ್ನು ದಿನವೂ ಹೊತ್ತುಹೊತ್ತಿಗೆ ದಾಖಲಿಸುತ್ತಿದ್ದರು, ಆ ಹಳೆಯ ದಾಖಲೆ ಸಿಕ್ಕಿತು. ಏಪ್ರಿಲ್ 2ರ ಹಗಲು ಗಾಳಿ ಉತ್ತರದ ಕಡೆಯಿಂದ ಬೀಸಿತ್ತು, ನಕ್ಷೆಯ ಪಟ್ಟಿಗೆ ಸಮಾನಾಂತರವಾಗಿ. ಆ ದಿಕ್ಕಿನ ಗಾಳಿ ಆ ದಿನಗಳಲ್ಲಿ ಅಲ್ಲಿ ಅಪರೂಪ. ಯಾರ ಮೇಲೂ ಗುರಿಯಿಲ್ಲದೆ, ವಿಮಾನಗಳ ಅನುಕೂಲಕ್ಕೆಂದು ಯಾರೋ ಗುಮಾಸ್ತರು ಬರೆದಿಟ್ಟ ಅಂಕಿಗಳು ಹದಿಮೂರು ವರ್ಷದ ಬಳಿಕ ಸಾಕ್ಷಿ ನುಡಿದವು.

ಪಟ್ಟಿಯನ್ನು ನಗರದಾಚೆ ಅದೇ ನೇರಕ್ಕೆ ಎಳೆದಾಗ ಅದರ ಮೇಲೆ ಆರು ಹಳ್ಳಿಗಳು ಬಂದವು. ಕೊನೆಯದು ಸುಮಾರು 50 ಕಿಲೋಮೀಟರ್ ದೂರದ ಅಬ್ರಾಮೊವೊ. ಆ ಏಪ್ರಿಲ್‌ನಲ್ಲಿ ಕುರಿ, ಹಸುಗಳು ಆಂಥ್ರಾಕ್ಸ್‌ನಿಂದ ಸತ್ತದ್ದು ಈ ಆರು ಹಳ್ಳಿಗಳಲ್ಲೇ. ಅಷ್ಟು ದೂರದಲ್ಲಿ ಬೀಜಕದ ಮೋಡ ತೀರಾ ತೆಳುವಾಗಿ ಮನುಷ್ಯರನ್ನು ಕೆಡವಲಿಲ್ಲ. ಕುರಿ, ಹಸುಗಳಿಗೆ ಅದು ಸಾಕಾಯಿತು. ಮಾಂಸದ ವಾದಕ್ಕೆ ಆಧಾರವಾಗಿದ್ದ ಆ ಸತ್ತ ಕುರಿಗಳೇ ಈಗ ಗಾಳಿಯ ದಾರಿಯನ್ನು ತೋರಿಸಿದವು. ಅವು ರೋಗದ ಮೂಲವಾಗಿರಲಿಲ್ಲ, ಮನುಷ್ಯರ ಜೊತೆಗೇ ಅದೇ ದಿನ ಅದೇ ಗಾಳಿಗೆ ಸಿಕ್ಕಿದ್ದವು.

1994ರ ನವೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಅಧ್ಯಯನ ಪ್ರಕಟವಾಯಿತು. ತಂಡ ಗುರುತಿಸಿದ 77 ರೋಗಿಗಳಲ್ಲಿ 66 ಮಂದಿ ಸತ್ತಿದ್ದರು. ಹೊರಬಿದ್ದ ಬೀಜಕದ ತೂಕ ಕೆಲವು ಮಿಲಿಗ್ರಾಮಿನಿಂದ ಹಿಡಿದು ಹೆಚ್ಚೆಂದರೆ ಒಂದು ಗ್ರಾಮಿನ ಆಸುಪಾಸು ಎಂದು ಅವರ ಅಂದಾಜು. ಒಂದು ಗ್ರಾಂ ಒಣ ಬೀಜಕದಲ್ಲಿ ಸುಮಾರು ಒಂದು ಲಕ್ಷ ಕೋಟಿ ಕಣಗಳಿರುತ್ತವೆ ಎಂಬುದನ್ನು ನೆನೆದರೆ ಈ ಅಂದಾಜಿನ ಭಯಂಕರತೆ ಅರ್ಥವಾಗುತ್ತದೆ.

ಆರು ವಾರ ಎಳೆದದ್ದೇಕೆ

ಇನ್ನೂ ಒಂದು ತೊಡಕು ಉಳಿದಿತ್ತು. ಬೀಜಕ ಹಾರಿದ್ದು ಒಂದೇ ದಿನವಾದರೆ ರೋಗಿಗಳು ಒಂದು ವಾರದೊಳಗೆ ಮುಗಿಯಬೇಕಿತ್ತಲ್ಲ? ಹೊಸ ರೋಗಿಗಳು ಮೇ ನಡುವಿನವರೆಗೂ ಬರುತ್ತಲೇ ಇದ್ದರು. ಬಹುತೇಕರಿಗೆ ಒಂಬತ್ತು ಹತ್ತು ದಿನಕ್ಕೆ ಕಾಯಿಲೆ ಬಂದರೆ, ಕೊನೆಯವರಿಗೆ ಆರು ವಾರದ ಬಳಿಕ ಬಂತು. ಸೋಂಕಿನ ಮಾಂಸ ಮತ್ತೆ ಮತ್ತೆ ಮಾರಾಟವಾಗುತ್ತಿತ್ತು, ಅದಕ್ಕೇ ರೋಗ ಎಳೆಯಿತು ಎನ್ನುವವರಿಗೆ ಇದು ಒಳ್ಳೆಯ ಅಸ್ತ್ರವಾಗಿತ್ತು.

ಉತ್ತರ ಬೀಜಕದ ತಾಳ್ಮೆಯಲ್ಲಿದೆ. ಗಾಳಿಗೂಡಿಗೆ ಬಂದ ಎಲ್ಲ ಬೀಜಕಗಳೂ ಕೂಡಲೇ ಮೊಳೆಯುವುದಿಲ್ಲ. ಎಷ್ಟೋ ಕಣಗಳು ಶ್ವಾಸಕೋಶದಲ್ಲಿ ನಿದ್ದೆಯಲ್ಲೇ ಉಳಿಯುತ್ತವೆ. 1950ರ ದಶಕದಲ್ಲಿ ಕೋತಿಗಳ ಮೇಲೆ ನಡೆದ ಪ್ರಯೋಗದಲ್ಲಿ ಇದು ಕಂಡಿತ್ತು: ಬೀಜಕ ಉಸಿರಾಡಿದ ಕೋತಿಗಳಿಗೆ ಪೆನಿಸಿಲಿನ್ ಕೊಡುವಷ್ಟು ದಿನ ಅವು ಚೆನ್ನಾಗಿದ್ದವು, ನಿಲ್ಲಿಸಿದ ಮೇಲೆ ಕೆಲವು ಸತ್ತವು. ಔಷಧಿ ಬೆಳೆಯುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಮಲಗಿದ ಬೀಜಕವನ್ನು ಮುಟ್ಟುವುದಿಲ್ಲ. ಸ್ವೆರ್ಡ್‌ಲೋವ್ಸ್ಕ್‌ನಲ್ಲಿ ಮನುಷ್ಯರ ಶ್ವಾಸಕೋಶದಲ್ಲೂ ಅದೇ ನಡೆಯಿತು. 2001ರಲ್ಲಿ ಅಮೆರಿಕದಲ್ಲಿ ಅಂಚೆಯ ಲಕೋಟೆಗಳಲ್ಲಿ ಬೀಜಕ ಕಳುಹಿಸಿ 22 ಮಂದಿ ಕಾಯಿಲೆ ಬಿದ್ದು ಐವರು ಸತ್ತಾಗ, ಬೀಜಕಕ್ಕೆ ಒಡ್ಡಿಕೊಂಡವರಿಗೆಲ್ಲ 60 ದಿನ ಆಂಟಿಬಯೋಟಿಕ್ ನುಂಗಲು ಹೇಳಿದ್ದು ಈ ತಿಳಿವಳಿಕೆಯಿಂದಲೇ. ಹತ್ತು ದಿನಕ್ಕೆ ನಿಲ್ಲಿಸಿದರೆ ಸಾಲದು ಎಂಬುದನ್ನು ಆ ನಗರದ ಸಾವುಗಳು ಕಲಿಸಿದ್ದವು.

ಗಾಳಿಯ ವಾದಕ್ಕೂ ನುಂಗಲಾರದ ತುತ್ತೊಂದಿದೆ. ಸತ್ತವರಲ್ಲಿ ಮಕ್ಕಳಿಲ್ಲ. ಗಂಡಸರ ಸರಾಸರಿ ವಯಸ್ಸು 40 ದಾಟಿತ್ತು, ಹೆಂಗಸರದು ಇನ್ನೂ ಹೆಚ್ಚು. ಮಾಂಸವಾದರೆ ಮನೆಮಂದಿಯೆಲ್ಲ ಒಂದೇ ಪಾತ್ರೆಯಿಂದ ತಿಂದಿರುತ್ತಿದ್ದರು, ಮಕ್ಕಳೂ ಬೀಳಬೇಕಿತ್ತು ಎಂಬುದು ಮಾಂಸದ ಕಥೆಗೆ ಹೊಡೆತ. ಆದರೆ ಆ ಪಟ್ಟಿಯೊಳಗೆ ಮಕ್ಕಳೂ ಅದೇ ಗಾಳಿ ಉಸಿರಾಡಿದ್ದರಲ್ಲ? ವಯಸ್ಸಾದಂತೆ ಈ ರೋಗಕ್ಕೆ ಬಲಿಯಾಗುವ ಸಾಧ್ಯತೆ ಹೆಚ್ಚುತ್ತದೆ ಎಂಬ ವಿವರಣೆಯನ್ನು ಅಧ್ಯಯನಕಾರರು ಮುಂದಿಟ್ಟರು. ನನಗೂ ಅದೇ ಸರಿಯೆನಿಸುತ್ತದೆ. ಈ ತೊಡಕನ್ನು ಅವರು ಬಚ್ಚಿಡದೆ ಬರೆದದ್ದು ಉಳಿದ ವಾದದ ಮೇಲೆ ನಂಬಿಕೆ ಹೆಚ್ಚಿಸುತ್ತದೆ.

ಕಾಂಪೌಂಡ್ 19ರ ಒಳಗೆ ಆ ದಿನ ಏನು ತಪ್ಪಿತು ಎಂಬುದಕ್ಕೆ ಸಿಗುವ ವಿವರಣೆ ಮುಖ್ಯವಾಗಿ ಒಂದು. ಸೋವಿಯತ್ ಜೈವಿಕ ಅಸ್ತ್ರ ಕಾರ್ಯಕ್ರಮದ ಉನ್ನತ ಹುದ್ದೆಯಲ್ಲಿದ್ದು 1992ರಲ್ಲಿ ಅಮೆರಿಕ ಸೇರಿದ ಕೆನ್ ಅಲಿಬೆಕ್ ಹೇಳಿದ್ದು: ಬೀಜಕ ಒಣಗಿಸುವ ಯಂತ್ರದ ಗಾಳಿ ಹೊರಹೋಗುವ ಕೊಳವೆಯ ಫಿಲ್ಟರನ್ನು ತೆಗೆದಿದ್ದರು, ಮರಳಿ ಹಾಕದೆ ಮುಂದಿನ ಪಾಳಿಯವರು ಯಂತ್ರ ಚಾಲೂ ಮಾಡಿದರು. ಇದು ಅವರು ಸಹೋದ್ಯೋಗಿಗಳಿಂದ ಕೇಳಿದ ಮಾತು. ಅವರು ಹೇಳುವ ದಿನ ಮಾರ್ಚ್ ಕೊನೆಯ ಶುಕ್ರವಾರ, ಗಾಳಿಯ ದಾಖಲೆಯೂ ಮೀಸಲು ಸೈನಿಕರ ತರಬೇತಿಯೂ ಹೇಳುವುದು ಸೋಮವಾರವನ್ನು. ಫಿಲ್ಟರಿನ ಮಾತನ್ನು ನಂಬಬಹುದು, ದಿನದ ವಿಷಯದಲ್ಲಿ ನಾನು ಗಾಳಿಯನ್ನೇ ನಂಬುತ್ತೇನೆ.

ಜಾಡಿಗಳ ಕಥೆ 1993ಕ್ಕೆ ಮುಗಿಯಲಿಲ್ಲ. ಫಾರ್ಮಲಿನ್ ಡಿಎನ್‌ಎಯನ್ನು ಚೂರುಚೂರಾಗಿ ಒಡೆಯುತ್ತದೆ, ಅಂಥ ಅಂಗಾಂಶದಿಂದ ಪೂರ್ಣ ಜೀನೋಮ್ ಓದುವುದು ಬಹಳ ಕಷ್ಟ. ಆದರೂ 2016ರಲ್ಲಿ ಅಮೆರಿಕದ ವಿಜ್ಞಾನಿ ಪಾಲ್ ಕೀಮ್ ಅವರ ತಂಡ ಇಬ್ಬರು ಮೃತರ ಅಂಗಾಂಶದಿಂದ ಸ್ವೆರ್ಡ್‌ಲೋವ್ಸ್ಕ್ ತಳಿಯ ಜೀನೋಮನ್ನು ಓದಿ ಪ್ರಕಟಿಸಿತು. ಔಷಧಿಗೆ ಬಗ್ಗದಂತೆ ತಿದ್ದಿದ ಗುರುತೇನೂ ಅದರಲ್ಲಿರಲಿಲ್ಲ. ಯುರೋಪು, ಏಷ್ಯಾಗಳಲ್ಲಿ ಹರಡಿರುವ ಸಾಮಾನ್ಯ ಗುಂಪಿಗೆ ಸೇರಿದ, ಯಾವುದೋ ಹುಲ್ಲುಗಾವಲಿನಲ್ಲಿ ಯಾವುದೋ ಹಸುವನ್ನು ಕೊಂದಿರಬಹುದಾದ ತಳಿಯದು. ಮನುಷ್ಯರು ಮಾಡಿದ್ದು ಇಷ್ಟೇ: ಅದನ್ನು ರಾಶಿಗಟ್ಟಲೆ ಬೆಳೆಸಿ, ಒಣಗಿಸಿ, ಉಸಿರಿನೊಳಗೆ ಹೋಗುವಷ್ಟು ನುಣುಪಾಗಿ ಪುಡಿ ಮಾಡಿದ್ದರು.